ಡ್ರಾಕುಲಾನ ಬಂಟನಿಗೆ ಕ್ಷಮೆ ಉಂಟೇ?

ಖಳನಾಯಕ ಸತ್ತರೆ ಶಿಳ್ಳೆ ಹೊಡೀತೀವಿ. ನಾಯಕ ಗೆದ್ದರೆ ಚಪ್ಪಾಳೆ ತಟ್ತೀವಿ. ಆದರೆ ಖಳನಾಯಕನ ಬಾಗಿಲು ಕಾಯುವವನು, 'ಯಸ್ ಬಾಸ್' ಅಂತ ತಲೆಯಾಡಿಸುವವನು ಸತ್ತಾಗ? ಯಾರೂ ಏನೂ ಮಾಡೋದಿಲ್ಲ. ಜೇಬಿನಲ್ಲಿ ಸೈಕಲ್ ಸ್ಟ್ಯಾಂಡಿನ ಟೋಕನ್ ಹುಡುಕ್ತಾ ಇರ್ತೀವಿ!

ಈ ವಾರ ಅಂಥವನೊಬ್ಬನ ಕೇಸು ಹಿಡಿದು ನಿಮ್ಮ ಮುಂದೆ ನಿಂತಿದ್ದೇನೆ. ಹೆಸರು: ರೆನ್‌ಫೀಲ್ಡ್. ಕೆಲಸ: ರಕ್ತಪಿಶಾಚಿ ಡ್ರಾಕುಲಾನ ಸೇವೆ. ಆರೋಪ: ನಿರಪರಾಧಿ ಹೆಣ್ಣೊಬ್ಬಳು ಮಲಗಿದ್ದ ಮನೆಯೊಳಕ್ಕೆ ಪಿಶಾಚಿಯನ್ನು ಬಿಟ್ಟುಕೊಂಡದ್ದು. ಇವನಿಗೆ ಕ್ಷಮೆ ಉಂಟೇ?

ಆ ನಗು!

1931ರಲ್ಲಿ ಯೂನಿವರ್ಸಲ್ ಸಂಸ್ಥೆಯ 'ಡ್ರಾಕುಲಾ' ಬಂತು. ನಿರ್ದೇಶಕ ಟಾಡ್ ಬ್ರೌನಿಂಗ್. ಡ್ರಾಕುಲಾ ಆಗಿ ಬೇಲಾ ಲುಗೋಸಿ. ರೆನ್‌ಫೀಲ್ಡ್ ಆಗಿ ಡ್ವೈಟ್ ಫ್ರೈ ಎಂಬ ಸಣಕಲು ನಟ. ಮನೆ ವ್ಯವಹಾರದ ಕಾಗದ ಹಿಡಿದು ಟ್ರಾನ್ಸಿಲ್ವೇನಿಯಾಕ್ಕೆ ಹೋಗುವ ರೆನ್‌ಫೀಲ್ಡ್ ಮೊದಲು ಸಭ್ಯ ಮನುಷ್ಯ. ಹಳ್ಳಿಯವರು ಬೇಡ ಅಂದರೂ ಕೆಲಸ ಕೆಲಸವೇ ಅಂತ ಕೋಟೆಗೆ ಹೋದ. ವಾಪಸು ಬಂದದ್ದು ಗುಲಾಮನಾಗಿ. ಹಡಗಿನ ನಾವಿಕರೆಲ್ಲ ಹೆಣವಾಗಿದ್ದಾರೆ, ಕೆಳಗಿನ ಉಗ್ರಾಣದಲ್ಲಿ ಇವನೊಬ್ಬ ಕೂತು ನಗ್ತಾನೆ. ಆ ನಗು ಕೇಳಿದವನಿಗೆ ಒಂದು ವಾರ ನಿದ್ದೆ ಬಾರದು! ಕೊನೆಗೆ ಯಜಮಾನನೇ ಕತ್ತು ಹಿಸುಕಿ ಅವನನ್ನು ಮೆಟ್ಟಿಲ ಮೇಲಿಂದ ಉರುಳಿಸುತ್ತಾನೆ.

ಪಾಪದ ಡ್ವೈಟ್ ಫ್ರೈ! ನಾಟಕರಂಗದಲ್ಲಿ ಹಾಸ್ಯವನ್ನೂ ಮಾಡಿ ಸೈ ಅನ್ನಿಸಿಕೊಂಡಿದ್ದವನು. ಅದೇ ವರ್ಷ 'ಫ್ರಾಂಕೆನ್‌ಸ್ಟೈನ್' ಚಿತ್ರದಲ್ಲೂ ಸಹಾಯಕನ ಪಾತ್ರ ಮಾಡಿದ. ಆಮೇಲೆ ಹಾಲಿವುಡ್ ಅವನಿಗೆ ಕೊಟ್ಟದ್ದೆಲ್ಲ ಹೆಚ್ಚುಕಮ್ಮಿ ಹುಚ್ಚನ ಇಲ್ಲವೇ ಚೇಲಾನ ವೇಷವೇ. ಯುದ್ಧದ ಕಾಲದಲ್ಲಿ ವಿಮಾನ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ದುಡಿದ. 1943ರಲ್ಲಿ, 44ರ ವಯಸ್ಸಿನಲ್ಲಿ, ಬಸ್ಸಿನಲ್ಲಿ ಹೃದಯಾಘಾತವಾಗಿ ಹೋದ. ಬಂಟನ ವೇಷ ಹಾಕಿದವನನ್ನೇ ಚಿತ್ರರಂಗ ಕ್ಷಮಿಸಲಿಲ್ಲ. ಇನ್ನು ಬಂಟನನ್ನು ಕ್ಷಮಿಸೋರು ಯಾರು?

ಕಾದಂಬರಿಯಲ್ಲಿರುವ ಸಾಕ್ಷ್ಯ

ಪೂರ್ತಿ ಸಾಕ್ಷ್ಯ ಬೇಕಾದರೆ ಬ್ರಾಮ್ ಸ್ಟೋಕರ್ 1897ರಲ್ಲಿ ಬರೆದ ಕಾದಂಬರಿಗೇ ಹೋಗಬೇಕು. ಪಿಯುಸಿ ಅರ್ಧಕ್ಕೆ ಬಿಟ್ಟ ನಾನು ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಎರಡು ತಿಂಗಳು ಓದಿದೆ. ಅಲ್ಲಿ ರೆನ್‌ಫೀಲ್ಡ್ 59 ವರ್ಷದವನು, ಡಾಕ್ಟರ್ ಸೀವರ್ಡ್ ನಡೆಸುವ ಹುಚ್ಚಾಸ್ಪತ್ರೆಯ ರೋಗಿ. ನೊಣ ಹಿಡಿದು ಜೇಡಕ್ಕೆ ಹಾಕ್ತಾನೆ, ಜೇಡವನ್ನು ಗುಬ್ಬಿಗೆ ಹಾಕ್ತಾನೆ, ಕೊನೆಗೆ ಗುಬ್ಬಿಯನ್ನು ತಾನೇ ತಿಂತಾನೆ. ಜೀವ ತಿಂದರೆ ಆಯಸ್ಸು ಹೆಚ್ಚುತ್ತದೆ ಅಂತ ಅವನ ಲೆಕ್ಕ.

ಸ್ಟೋಕರ್ ಒಂದು ನಿಯಮ ಇಟ್ಟಿದ್ದಾನೆ. ಮನೆಯವರೊಬ್ಬರು ಬಾ ಅಂತ ಕರೆಯದೆ ಪಿಶಾಚಿ ಮೊದಲ ಸಲ ಹೊಸ್ತಿಲು ದಾಟುವ ಹಾಗಿಲ್ಲ. ಆಸ್ಪತ್ರೆಯ ಮನೆಯಲ್ಲಿ ಮೀನಾ ಎಂಬ ಹೆಣ್ಣುಮಗಳು ಬಂದು ಉಳಿದಿದ್ದಾಳೆ. ಡ್ರಾಕುಲಾ ಕಿಟಕಿಯ ಹೊರಗೆ ನಿಂತು ಸಾವಿರಾರು ಇಲಿಗಳ ಆಸೆ ತೋರಿಸಿದ. ರೆನ್‌ಫೀಲ್ಡ್ ಕಿಟಕಿ ತೆಗೆದ, ಕರೆದ. ಮುಗೀತು! ಮೀನಾಳ ರಕ್ತಕ್ಕೆ ದಾರಿಯಾಯಿತು.

ಹುಚ್ಚ ಕಣಯ್ಯಾ, ಬಿಟ್ಟುಬಿಡಿ ಅಂತೀರಾ? ನಾನು ಒಪ್ಪೋದಿಲ್ಲ. ಅದೇ ರಾತ್ರಿ ಅವನು ವಕೀಲನ ಹಾಗೆ ಸ್ಪಷ್ಟವಾಗಿ ಮಾತಾಡಿ ಡಾಕ್ಟರನ್ನು ಬೇಡಿಕೊಂಡಿದ್ದ: ನನ್ನನ್ನು ಈಗಲೇ ಈ ಮನೆಯಿಂದ ಸಾಗಿಸಿ, ಬೇಕಾದರೆ ಸರಪಳಿ ಹಾಕಿ ಒಯ್ಯಿರಿ ಅಂತ. ಅಂದರೆ ಏನು ನಡೆಯಲಿದೆ ಅಂತ ಅವನಿಗೆ ಗೊತ್ತಿತ್ತು. ಆದರೆ ಕಾರಣ ಮಾತ್ರ ಬಾಯಿಬಿಡಲಿಲ್ಲ. ಯಜಮಾನನ ಹೆಸರನ್ನು ನುಂಗಿಕೊಂಡ. ಡಾಕ್ಟರು ಬಾಗಿಲು ಹಾಕಿಕೊಂಡು ಹೋದರು. ಇಬ್ಬರದ್ದೂ ತಪ್ಪೇ. ಆದರೆ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡವನ ತಪ್ಪು ದೊಡ್ಡದು.

ಹಿಡಿ ಮಂಜು!

ಮರುದಿನವೆಲ್ಲ ಇಲಿಗಾಗಿ ಕಾದ. ಯಜಮಾನ ಒಂದು ನೊಣವನ್ನೂ ಕಳಿಸಲಿಲ್ಲ! ಮಧ್ಯಾಹ್ನ ಮೀನಾ ಅವನನ್ನು ನೋಡಲು ಬಂದಳು. ಮುಖದಲ್ಲಿ ರಕ್ತವೇ ಇಲ್ಲ. ಯಾರು ಹೀರಿದ್ದು ಅಂತ ಇವನಿಗೆ ತಟ್ಟನೆ ತಿಳಿಯಿತು. ಆ ರಾತ್ರಿ ಡ್ರಾಕುಲಾ ಮಂಜಿನ ರೂಪದಲ್ಲಿ ಮತ್ತೆ ಒಳಗೆ ಬಂದಾಗ, ಈ ಮುದುಕ ಆ ಮಂಜನ್ನೇ ತಬ್ಬಿ ಹಿಡಿದ. ಇನ್ನೇನು ಗೆದ್ದ ಅನ್ನುವಷ್ಟರಲ್ಲಿ ಆ ಕಣ್ಣುಗಳನ್ನು ನೋಡಿಬಿಟ್ಟ. ಬಲವೆಲ್ಲ ನೀರಾಯಿತು. ಬೆನ್ನು ಮುರಿಯಿತು, ತಲೆ ಒಡೆಯಿತು. ಸಾಯುವ ಮುನ್ನ ನಡೆದದ್ದನ್ನೆಲ್ಲ ಹೇಳಿದ. ಕೇಳಿದವರು ಮೀನಾಳ ಕೋಣೆಗೆ ಓಡಿದರು. ಇವನು ಒಬ್ಬನೇ ಸತ್ತ. ಹಾಸಿಗೆಯಿಂದ ಬಿದ್ದು ಸತ್ತ ಅಂತ ಬರೆದುಕೊಟ್ಟರಾಯಿತು ಅಂತ ಡಾಕ್ಟರ ಲೆಕ್ಕ! ಅವನ ಹೋರಾಟಕ್ಕೆ ಸರ್ಕಾರಿ ಕಾಗದದಲ್ಲಿ ಒಂದು ಸಾಲೂ ಇಲ್ಲ.

ಕೂಲಿ ಸಿಗದ ಸಿಟ್ಟಿಗೆ ತಿರುಗಿ ಬಿದ್ದನೋ, ಮೀನಾಳ ಮೇಲಿನ ಕರುಣೆಗೋ? ಎರಡೂ ಇತ್ತು ಅಂತಲೇ ನನ್ನ ಅನಿಸಿಕೆ. ಆದರೆ ಬರೀ ಸಿಟ್ಟಾಗಿದ್ದರೆ ಬೈದು ಸುಮ್ಮನಾಗುತ್ತಿದ್ದ. ಪ್ರಾಣ ಪಣಕ್ಕಿಡುವ ಮನುಷ್ಯ ಇಲಿಗಾಗಿ ಇಡುವುದಿಲ್ಲ.

ಅಗ್ಗದ ಕ್ಷಮೆ

2023ರಲ್ಲಿ 'ರೆನ್‌ಫೀಲ್ಡ್' ಅಂತಲೇ ಒಂದು ಚಿತ್ರ ಬಂತು. ನಿಕೋಲಸ್ ಹೋಲ್ಟ್ ಬಂಟ, ನಿಕೋಲಸ್ ಕೇಜ್ ಡ್ರಾಕುಲಾ. ಯಜಮಾನನ ಕಾಟ ತಾಳದೆ ಬಂಟ ತನ್ನಂಥ ನೊಂದವರ ಕೂಟಕ್ಕೆ ಹೋಗಿ ಗೋಳು ಹೇಳಿಕೊಳ್ತಾನೆ. ಮಜವಾಗಿದೆ. ಆದರೆ ಕೊನೆಯಲ್ಲಿ ಡ್ರಾಕುಲಾನ ರಕ್ತ ಹಾಕಿ ಸತ್ತ ಗೆಳೆಯರನ್ನು ಎಬ್ಬಿಸಿಬಿಡ್ತಾನೆ! ಸತ್ತವರೇ ಎದ್ದು ಕೂತ ಮೇಲೆ ಕ್ಷಮೆಗೆ ಬೆಲೆ ಏನು ಸ್ವಾಮಿ? ನಿಜವಾದ ಪ್ರಪಂಚದಲ್ಲಿ ಹೋದದ್ದು ಹೋಯಿತು. ಹೋದದ್ದು ವಾಪಸು ಬರದ ಕಡೆಯೇ ಕ್ಷಮೆ ಅನ್ನುವ ಮಾತಿಗೆ ಅರ್ಥ.

ಇದೆಲ್ಲ ಬರೀ ಸಿನಿಮಾ ಹರಟೆ ಅಂದುಕೊಳ್ಳಬೇಡಿ. ನನ್ನ ಜತೆ ಪಿಯುಸಿ ಬಿಟ್ಟ ಗೆಳೆಯನೊಬ್ಬ ಮೀಟರ್ ಬಡ್ಡಿಯವನ ಬೈಕು ಹತ್ತಿದ. ಯಾವ ಮನೆಯಲ್ಲಿ ಗಂಡಸರಿಲ್ಲ, ಯಾವ ಮನೆಯಲ್ಲಿ ಹಸು ಇದೆ ಅಂತ ತೋರಿಸುವುದೇ ಅವನ ಕೆಲಸ. ಒಂದು ರಾತ್ರಿ ಯಾಕೋ ಮನಸ್ಸು ತಡೆಯದೆ ಒಂದು ಮನೆಯ ಬಾಗಿಲು ತಟ್ಟಿ, "ಅಕ್ಕಾ, ಬೆಳಗ್ಗೆ ಬರ್ತಾರೆ, ಹಸೂನ ತವರಿಗೆ ಹೊಡೆದುಬಿಡು" ಅಂದ. ಸಾಹುಕಾರನಿಗೆ ಗೊತ್ತಾಯಿತು. ಹಲ್ಲು ಎರಡು ಹೋಯಿತು. ಮೊನ್ನೆ ಟೀ ಅಂಗಡಿಯಲ್ಲಿ ಕೇಳಿದ: "ಗುರುವೇ, ನಂದು ತೀರಿತಾ?" ನಾನಂದೆ: "ನನ್ನ ಕೇಳಬೇಡ ಕಣೋ. ಮಿಕ್ಕ ಮನೆಗಳ ಬಾಗಿಲಿಗೆ ಹೋಗಿ ಕೇಳು."

ರೆನ್‌ಫೀಲ್ಡ್ ವಿಷಯದಲ್ಲೂ ನನ್ನ ತೀರ್ಪು ಅದೇ. ಕಿಟಕಿ ತೆಗೆದದ್ದು ತಪ್ಪು, ಅದು ಅಳಿಯೋದಿಲ್ಲ. ಆದರೆ ತೆಗೆದ ಕೈಯಲ್ಲೇ ಪಿಶಾಚಿಯನ್ನು ಹಿಡಿದು ನಿಲ್ಲಿಸಲು ಹೋದ. ಅಂಥವನಿಗೆ ಕ್ಷಮೆ ಸಲ್ಲಬೇಕು. ಕೊಡುವ ಹಕ್ಕು ಮಾತ್ರ ಪ್ರೇಕ್ಷಕನಿಗೂ ಇಲ್ಲ, ಡಾಕ್ಟರಿಗೂ ಇಲ್ಲ. ಅದು ರಕ್ತ ಕೊಟ್ಟ ಮೀನಾಳದ್ದು. ಆಕೆ ಕಾದಂಬರಿಯಲ್ಲಿ ಡ್ರಾಕುಲಾನ ಮೇಲೂ ಕನಿಕರ ಇರಲಿ ಅಂತ ಗಂಡಸರಿಗೆ ಹೇಳ್ತಾಳೆ. ಅಂಥ ತಾಯಿ ಈ ಮುದುಕನನ್ನು ಬಿಟ್ಟಾಳೆಯೇ?

ನಿಮ್ಮ ತೀರ್ಪು ಬೇರೆ ಇದ್ದರೆ ಒಂದು ಕಾರ್ಡು ಬರೆದು ಹಾಕಿ. ಬೈಗುಳಕ್ಕೂ ಸ್ವಾಗತ!