ತೋಟಾ ಸಿಕ್ಕಿಕೊಂಡರೆ ತಪ್ಪು ಯಾರದು?

ಗುಂಡು ಹಾರಿದ ಮೇಲೆ ಖಾಲಿ ತೋಟಾ ಹೊರಗೆ ಬಾರದೆ ರೈಫಲ್‌ನ ಕೋಣೆಯಲ್ಲೇ ಕಚ್ಚಿಕೊಂಡರೆ ಮೊದಲ ಬೈಗುಳ ಬೀಳುವುದು ಕೋವಿಗೆ, ಎರಡನೆಯದು ಅದನ್ನು ಹಿಡಿದವನಿಗೆ. ಎರಡೂ ಬಹುಪಾಲು ಅನ್ಯಾಯ. ತೋಟಾದ ಚಿಪ್ಪು ಮದ್ದು ತುಂಬುವ ಬರಿಯ ಡಬ್ಬಿಯಲ್ಲ. ಕುದುರೆ ಎಳೆದ ಗಳಿಗೆಯಲ್ಲಿ ಅದು ಕೋವಿಯದೇ ಒಂದು ಬಿಡಿಭಾಗ. ಸುಮಾರು 70 ಪಾಲು ತಾಮ್ರ, 30 ಪಾಲು ಸತುವು ಸೇರಿದ ಆ ಹಿತ್ತಾಳೆ ಒತ್ತಡಕ್ಕೆ ಹಿಗ್ಗಿ ಕೋಣೆಯ ಗೋಡೆಗೆ ಒತ್ತಿಕೊಂಡು ಅನಿಲ ಹಿಂದಕ್ಕೆ ನುಗ್ಗದಂತೆ ತಡೆಯುತ್ತದೆ. ಒತ್ತಡ ಇಳಿದೊಡನೆ ಕೂದಲೆಳೆಯಷ್ಟು ಕುಗ್ಗಿ ಸಡಿಲವಾಗುತ್ತದೆ. ಉಕ್ಕಿನ ಕೋಣೆಯೂ ಹೀಗೆಯೇ ಹಿಗ್ಗಿ ಕುಗ್ಗುತ್ತದೆ. ಒತ್ತಡ ಮಿತಿ ಮೀರಿತೆಂದರೆ ಹಿತ್ತಾಳೆ ಹಿಗ್ಗಿದಲ್ಲೇ ಉಳಿದು, ತನ್ನ ಅಳತೆಗೆ ಮರಳಿದ ಉಕ್ಕು ಅದನ್ನು ಅದುಮಿ ಹಿಡಿಯುತ್ತದೆ. ಮದ್ದು, ಹಿತ್ತಾಳೆ, ಕೋಣೆ ಈ ಮೂರಕ್ಕೂ ಲೆಕ್ಕ ಒಂದೇ. ಒಂದನ್ನು ಬದಲಿಸಿ ಉಳಿದೆರಡನ್ನು ಹಾಗೇ ಬಿಟ್ಟಾಗಲೇ ತೋಟಾ ಸಿಕ್ಕಿಕೊಳ್ಳುವುದು.

ವಿಯೆಟ್ನಾಂ ಯುದ್ಧದ ಎಂ-16 ಇದಕ್ಕೆ ದುಬಾರಿ ಸಾಕ್ಷಿ. ಆ ರೈಫಲ್ ರೂಪುಗೊಂಡದ್ದು ಒಂದು ಬಗೆಯ ಮದ್ದಿಗೆ. 1964ರ ಹೊತ್ತಿಗೆ ಅಮೆರಿಕದ ಸೇನೆ ಪುಟ್ಟ ಉಂಡೆಗಳ ರೂಪದ ಬೇರೆ ಮದ್ದಿಗೆ ತಿರುಗಿತು. ಒಂದರ ಹಿಂದೊಂದು ಗುಂಡು ಹಾರಿಸುವ ದರ ಏರಿತು. ಚಿಪ್ಪಿನ ಬಿಗಿ ಪೂರ್ತಿ ಸಡಿಲವಾಗುವ ಮೊದಲೇ ಕೋಣೆಯನ್ನು ಹಿಂದಿನಿಂದ ಮುಚ್ಚುವ ಬೋಲ್ಟ್ ಅದನ್ನು ಎಳೆಯತೊಡಗಿತು. ಕೋಣೆಗೆ ಕ್ರೋಮ್ ಲೇಪವೂ ಇಲ್ಲದ್ದರಿಂದ ಕಾಡಿನ ತೇವಕ್ಕೆ ಅದು ತುಕ್ಕು ಹಿಡಿದು ಒರಟಾಯಿತು. ಸೈನಿಕರು ಕಾದಾಟದ ನಡುವೆ ನಳಿಗೆಯ ಬಾಯಿಂದ ಸರಳು ತೂರಿಸಿ ಚಿಪ್ಪನ್ನು ಹಿಂದಕ್ಕೆ ಕುಟ್ಟಬೇಕಾಯಿತು. ಸರಿಯಾಗಿ ಸ್ವಚ್ಛಮಾಡದವರದೇ ತಪ್ಪು ಎಂಬ ಸಮಜಾಯಿಷಿ ಬಂತು. ಅದರಲ್ಲಿ ಸುಳ್ಳಿಲ್ಲ, ಕೊಳೆಯೂ ಕಾರಣವೇ. ಆದರೆ ಸ್ವಚ್ಛಗೊಳಿಸುವ ಸಾಮಗ್ರಿಯನ್ನೇ ಸಾಕಷ್ಟು ಕೊಡದೆ ಸ್ವಚ್ಛತೆಯ ಪಾಠ ಹೇಳುವುದು ಯಾವ ನ್ಯಾಯ? 1967ರಲ್ಲಿ ರಿಚರ್ಡ್ ಐಕಾರ್ಡ್ ನೇತೃತ್ವದ ಸಂಸದೀಯ ಉಪಸಮಿತಿ ಮದ್ದಿನ ಬದಲಾವಣೆಯತ್ತಲೇ ಬೆರಳು ತೋರಿತು. ಕೋಣೆಗೆ ಕ್ರೋಮ್ ಬಂದದ್ದೂ ಆಗಲೇ.

ಹಿತ್ತಾಳೆಯೇ ಕಳಪೆಯಾಗಿದ್ದರೆ ಎಂಬ ಪ್ರಶ್ನೆ ಸಹಜ. ಬ್ರಿಟಿಷರ ಕಾಲದ ಭಾರತದಲ್ಲಿ ಮಳೆಗಾಲಕ್ಕೆ ಕುದುರೆ ಲಾಯಗಳಲ್ಲಿಟ್ಟ ತೋಟಾಗಳು ತಾವಾಗಿಯೇ ಬಿರಿಯುತ್ತಿದ್ದವು. 1921ರಲ್ಲಿ ಸಂಶೋಧಕರಾದ ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್‌ಸನ್ ಇದನ್ನು ಬಿಡಿಸಿಟ್ಟರು: ಕುದುರೆ ಮೂತ್ರದ ಅಮೋನಿಯಾ, ಹವೆಯ ತೇವ, ಜೊತೆಗೆ ಅಚ್ಚಿನಲ್ಲಿ ಎಳೆದಾಗ ಲೋಹದೊಳಗೆ ಉಳಿದ ಬಿಗಿತ. ಹದವಾಗಿ ಕಾಯಿಸಿ ಬಿಗಿತ ಇಳಿಸಿದ ಅದೇ ಹಿತ್ತಾಳೆ ಬಿರಿಯಲಿಲ್ಲ. ಲೋಹ ನಿರಪರಾಧಿ.

ಇದೇ ಲೆಕ್ಕ ಮನೆಯಲ್ಲಿ ತೋಟಾ ತುಂಬುವವರಿಗೂ ಸಲ್ಲುತ್ತದೆ. ಅಮೆರಿಕದಲ್ಲಿ ಖಾಲಿ ಚಿಪ್ಪುಗಳಿಗೆ ಮನೆಯಲ್ಲೇ ಮತ್ತೆ ಮದ್ದು ತುಂಬುವ ಹವ್ಯಾಸ ದೊಡ್ಡದು. ಅದಕ್ಕೆ ಸಲಕರಣೆ ಮಾಡುವ ಆರ್‌ಸಿಬಿಎಸ್ ಕಂಪನಿ 1943ರಷ್ಟು ಹಳೆಯದು. ಈ ಹವ್ಯಾಸದಲ್ಲಿ ತೋಟಾ ಸಿಕ್ಕಿಕೊಳ್ಳುವ ತಾಣ ಎರಡು. ಹಿಗ್ಗಿದ ಚಿಪ್ಪನ್ನು ಅಳತೆಗೆ ತರುವ ಡೈ ಮೊದಲನೆಯದು. ಜಾರುಜಿಡ್ಡು ಸವರದೆ ಒತ್ತಿದ ಚಿಪ್ಪು ಅದರಲ್ಲಿ ಹೂತುಹೋಗುತ್ತದೆ, ಸನ್ನೆ ಮೀಂಟಿದರೆ ಅಂಚು ಹರಿದು ಕೈಗೆ ಬರುತ್ತದೆ. ಕೊನೆಗೆ ಬುಡ ಕೊರೆದು ತಿರುಪಿನ ಎಳೆ ಕತ್ತರಿಸಿ ತಿರುಪುಮೊಳೆ ತಿರುಗಿಸಿ ಕೀಳಬೇಕು. ಜಿಡ್ಡು ಅತಿಯಾದರೆ ಚಿಪ್ಪಿನ ಹೆಗಲಲ್ಲಿ ತಗ್ಗು ಬೀಳುತ್ತದೆ. ಎರಡನೆಯ ತಾಣ ರೈಫಲ್‌ನ ಕೋಣೆ. ಬೋಲ್ಟ್ ಎತ್ತಲು ಬಿಗಿ, ಚಪ್ಪಟೆಯಾದ ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಬುಡದ ಗುಂಡಿ), ಬುಡದ ಮೇಲೆ ಹೊಳೆಯುವ ಗೀರು ಒಟ್ಟಿಗೆ ಕಂಡರೆ ಮದ್ದು ಅತಿಯಾಗಿದೆ ಎಂದೇ ಲೆಕ್ಕ. ಉಳಿದೆರಡು ಇಲ್ಲದೆ ಬರಿಯ ಬಿಗಿಯಿದ್ದರೆ ಚಿಪ್ಪು ಸರಿಯಾದ ಅಳತೆಗೆ ಬಂದಿಲ್ಲದಿರಬಹುದು, ಕೋಣೆ ಕೊಳೆಯಾಗಿರಬಹುದು. ಕೋಣೆಗೆ ತುಸು ಎಣ್ಣೆ ಬಿಟ್ಟರೆ ತೋಟಾ ಸಲೀಸಾಗಿ ಬರುತ್ತದಲ್ಲ ಎನ್ನುವವರಿದ್ದಾರೆ. ಬರುತ್ತದೆ, ನಿಜ. ಆದರೆ ಹಿತ್ತಾಳೆ ಗೋಡೆಯನ್ನು ಹಿಡಿದುಕೊಳ್ಳುವುದೂ ವಿನ್ಯಾಸದ ಭಾಗ. ಎಣ್ಣೆ ಆ ಹಿಡಿತ ತಪ್ಪಿಸಿದರೆ ಚಿಪ್ಪು ಹಿಂದಕ್ಕೆ ಒದೆಯುವ ಬಲವೆಲ್ಲ ನೇರ ಬೋಲ್ಟ್‌ನ ಮೇಲೆ ಬೀಳುತ್ತದೆ.