ಉಣ್ಣೆಯಲ್ಲಿ ಅರಳುವ ಉದ್ಯಾನ

ಬೇಸಿಗೆಯಲ್ಲಿ ಒಣಗದ, ಹಿಮ ಬಿದ್ದರೂ ಬಾಡದ ಹೂದೋಟ ಎಲ್ಲಾದರೂ ಉಂಟೇ? ಇರಾನಿನ ನೈಋತ್ಯ ಭಾಗದ ಝಾಗ್ರೋಸ್ ಪರ್ವತಸೀಮೆಯಲ್ಲಿ ಉಂಟು. ಅಲ್ಲಿನ ಬಖ್ತಿಯಾರಿ ಜನರ ಈ ತೋಟ ಇರುವುದು ಅಂಗಳದಲ್ಲಲ್ಲ, ಮನೆಯೊಳಗೆ ಹಾಸಿದ ರತ್ನಗಂಬಳಿಯಲ್ಲಿ!

ಬಖ್ತಿಯಾರಿಗಳು ಮೂಲತಃ ಕುರಿ ಮೇಕೆ ಸಾಕುವ ಅಲೆಮಾರಿಗಳು. ಚಳಿಗಾಲವನ್ನು ಖುಜೆಸ್ತಾನದ ಬಯಲಿನಲ್ಲಿ ಕಳೆದು, ಬೇಸಿಗೆಗೆ ಹಿಂಡಿನೊಡನೆ ಬೆಟ್ಟ ಹತ್ತುವುದು ಅವರ ಪದ್ಧತಿ. ಇಂದಿಗೂ ಕೆಲವು ಕುಟುಂಬಗಳು ಹೀಗೆ ವಲಸೆ ಹೋಗುತ್ತವೆಯಾದರೂ ಹೆಚ್ಚಿನವರು ಊರುಗಳಲ್ಲಿ ನೆಲೆಸಿದ್ದಾರೆ. ತೋಟದ ವಿನ್ಯಾಸದ ಗಂಬಳಿಗಳು ಬಹುಪಾಲು ಸಿದ್ಧವಾಗುವುದು ಚಹಾರ್ ಮಹಲ್ ಪ್ರದೇಶದ ಹಳ್ಳಿಗಳಲ್ಲಿ, ಹೆಂಗಸರ ಕೈಯಲ್ಲಿ.

ಈ ವಿನ್ಯಾಸದ ಹೆಸರು 'ಖೆಶ್ತಿ'. ಖೆಶ್ತ್ ಎಂದರೆ ಇಟ್ಟಿಗೆ. ಇಟ್ಟಿಗೆ ಜೋಡಿಸಿದಂತೆ ಗಂಬಳಿಯ ತುಂಬ ಚೌಕಗಳು. ಒಂದರಲ್ಲಿ ಸೈಪ್ರೆಸ್ ಮರ, ಇನ್ನೊಂದರಲ್ಲಿ ಬಾಗಿದ ವಿಲೋ, ಮತ್ತೊಂದರಲ್ಲಿ ಹೂದಾನಿ. ಸುತ್ತ ಗೋಡೆ ಕಟ್ಟಿ, ನೀರಿನ ಕಾಲುವೆಗಳಿಂದ ಪಾತಿಗಳನ್ನು ವಿಂಗಡಿಸುವ ಪರ್ಷಿಯನ್ ಉದ್ಯಾನದ ನಕ್ಷೆಯೇ ಇದು. ಅಂಥ 9 ಉದ್ಯಾನಗಳನ್ನು ಯುನೆಸ್ಕೊ 2011ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಲಾಲ್‌ಬಾಗಿನ 'ಬಾಗ್' ಕೂಡ ಪರ್ಷಿಯನ್ ಭಾಷೆಯದೇ.

ಬಣ್ಣಗಳ ಹಿಂದೆ ಸೊಗಸಾದ ರಸಾಯನಶಾಸ್ತ್ರವಿದೆ. ಕೆಂಪು ಬಣ್ಣ ಸಿಗುವುದು ನಮ್ಮ ಮಂಜಿಷ್ಠದ ಬಂಧುವಾದ ಮ್ಯಾಡರ್ ಗಿಡದ ಬೇರಿನಿಂದ. ಉಣ್ಣೆಯನ್ನು ಮೊದಲು ಪಟಿಕದ ನೀರಿನಲ್ಲಿ ಕಾಯಿಸುತ್ತಾರೆ. ಪಟಿಕದಲ್ಲಿರುವ ಅಲ್ಯೂಮಿನಿಯಂ ಒಂದು ಕೈಯಲ್ಲಿ ಉಣ್ಣೆಯ ಎಳೆಯನ್ನೂ ಇನ್ನೊಂದು ಕೈಯಲ್ಲಿ ಬಣ್ಣದ ಅಣುವನ್ನೂ ಹಿಡಿದಂತೆ ನಿಲ್ಲುತ್ತದೆ; ಆದ್ದರಿಂದ ತೊಳೆದರೂ ಬಣ್ಣ ಸುಲಭವಾಗಿ ಬಿಡದು. ನೀಲಿಯ ಕಥೆಯೇ ಬೇರೆ. ಅದರ ತೊಟ್ಟಿಯಿಂದ ಮೇಲೆತ್ತಿದಾಗ ಹಳದಿ-ಹಸಿರಾಗಿ ಕಾಣುವ ಎಳೆ, ಗಾಳಿಯ ಆಮ್ಲಜನಕ ತಾಗಿದೊಡನೆ ನೀಲಿಯಾಗುತ್ತದೆ. ಹಳದಿ ಎಳೆಯನ್ನು ಇದೇ ತೊಟ್ಟಿಯಲ್ಲಿ ಅದ್ದಿದರೆ ಎಲೆಯ ಹಸಿರು ಸಿದ್ಧ.

1868ರಲ್ಲಿ ಜರ್ಮನಿಯ ಗ್ರೇಬೆ ಮತ್ತು ಲೀಬರ್‌ಮನ್ ಮ್ಯಾಡರಿನ ಕೆಂಪು ದ್ರವ್ಯವಾದ ಅಲಿಜರಿನನ್ನು ಪ್ರಯೋಗಾಲಯದಲ್ಲಿಯೇ ತಯಾರಿಸಿದರು. ಬೇರು ಅಗೆಯುವ ಕಷ್ಟ ತಪ್ಪಿತು. ಆದರೆ ಗಂಟು ಹಾಕುವ ಕಷ್ಟ?

ಒಂದು ಲೆಕ್ಕ ಮಾಡಿ ನೋಡಿ. ಚದರ ಸೆಂಟಿಮೀಟರಿಗೆ 16 ಗಂಟು ಎಂದಿಟ್ಟುಕೊಳ್ಳೋಣ. 3 ಮೀಟರ್ ಉದ್ದ, 2 ಮೀಟರ್ ಅಗಲದ ಗಂಬಳಿಗೆ 9,60,000 ಗಂಟುಗಳು! ಒಬ್ಬಾಕೆ ದಿನಕ್ಕೆ 8,000 ಗಂಟು ಹಾಕಿದರೂ 120 ದಿನಗಳ ದುಡಿಮೆ.

ಯಂತ್ರ ಇಷ್ಟು ಕಾಯುವುದಿಲ್ಲ. ಅದರ ಗಂಬಳಿ ಅಗ್ಗ. ಹಳ್ಳಿಯ ನೇಕಾರರು ಎಷ್ಟೋ ವಿನ್ಯಾಸಗಳನ್ನು ನೆನಪಿನಿಂದಲೇ ನೇಯುತ್ತಾರೆ. ಅವು ತಾಯಿಯಿಂದ ಮಗಳಿಗೆ ಬರುವುದು ಮಗ್ಗದ ಮುಂದೆ ಕುಳಿತು ಕಲಿತಾಗ ಮಾತ್ರ. ಮಗಳು ಮಗ್ಗ ಬಿಟ್ಟೆದ್ದರೆ ಹಿಮಕ್ಕೂ ಬಾಡದ ಆ ತೋಟಕ್ಕೆ ತೋಟಗಾರರೇ ಇರುವುದಿಲ್ಲ.