ಏಳು ಗಜದ ಹೆಜ್ಜೆ

ದಾಖಲೆ ಇರುವುದು ಒಂದೇ. ಶೈರ್ ಲೆಕ್ಕದ 1418ನೇ ಇಸವಿ, ವಸಂತದ ಒಂದು ಸಂಜೆ, ಬೈವಾಟರ್ ಊರಿನ ‘ಗ್ರೀನ್ ಡ್ರ್ಯಾಗನ್’ ಎಂಬ ಪಾನಗೃಹ. ಹೇಳಿದವನು ಸ್ಯಾಮ್ ಗಮ್ಜೀ, ಕಸುಬಿನಲ್ಲಿ ತೋಟದ ಮಾಲಿ. ಆದರೆ ಕಂಡವನು ಅವನಲ್ಲ, ಹಾಲ್. ಕಥೆಯಲ್ಲಿ ಹಾಲ್ ಸ್ಯಾಮ್‌ನ ಕಸಿನ್ ಎಂದಷ್ಟೇ ಇದೆ. ಕನ್ನಡದಲ್ಲಿ ಹಾಗೆಂದರೆ ಏನೂ ಹೇಳಿದಂತಾಗುವುದಿಲ್ಲವಲ್ಲ, ಅದಕ್ಕೇ ಕೊನೆಯ ಸಂಪುಟದ ಹಿಂಬದಿಯ ವಂಶಾವಳಿ ತೆಗೆದು ಬೆರಳಿಟ್ಟು ನೋಡಿದೆ: ಚಿಕ್ಕಪ್ಪನ ಮಗ. ಓವರ್‌ಹಿಲ್‌ನಲ್ಲಿ ಒಬ್ಬ ಯಜಮಾನರ ಕೈಕೆಳಗೆ ಕೆಲಸ, ಬೇಟೆಗೆಂದು ಉತ್ತರದ ಕಡೆ ಹೋಗಿಬರುವ ರೂಢಿ. ಅಂದರೆ ಮನೆಯೊಳಗೇ ಕೂತು ಕಥೆ ಕಟ್ಟುವವನಲ್ಲ. ಅವನು ನಾರ್ತ್ ಮೂರ್ಸ್ ಬಯಲಿನಾಚೆ ಕಂಡದ್ದು ಎಲ್ಮ್ ಮರದಷ್ಟು ದೊಡ್ಡದೊಂದು ಆಕೃತಿ. ಅದು ನಡೆಯುತ್ತಿತ್ತು. ಹೆಜ್ಜೆಗೆ ಏಳು ಗಜ.

‘ದಿ ಲಾರ್ಡ್ ಆಫ್ ದಿ ರಿಂಗ್ಸ್’ನಲ್ಲಿ ಉಂಗುರ ಯಾರ ಕೈಗೆ ಬಿತ್ತು ಎನ್ನುವುದಕ್ಕಿಂತ ಈ ಒಂದು ಸಾಲಿನ ಮೇಲೆ ನಾನು ಹೆಚ್ಚು ಹೊತ್ತು ಕಳೆದಿದ್ದೇನೆ. ಮಳೆ ಹಿಡಿದು ಜಿಗಣೆ ಎದ್ದ ಮೇಲೆ ಕಾಡಿಗೆ ಹೋಗಲು ಮನಸ್ಸಾಗದ ದಿನಗಳಿರುತ್ತವೆ. ಆಗ ಟೋಲ್ಕಿನ್‌ರ ಕಾಡಿಗೆ ಹೋಗುತ್ತೇನೆ, ಅದೇ ಟಿಪ್ಪಣಿ ಪುಸ್ತಕ ಹಿಡಿದು. ಅಲ್ಲಿನ ಫ್ಯಾಂಗೋರ್ನ್ ಕಾಡಿನಲ್ಲಿ ಎಂಟ್‌ಗಳಿದ್ದಾರೆ. ಲೆಕ್ಕದ ಎಂಟಲ್ಲ. ಹಳೆಯ ಇಂಗ್ಲಿಷಿನಲ್ಲಿ ದೈತ್ಯ ಎಂಬರ್ಥದ ಪದ ಅದು. ಮರದಂತಿದ್ದು, ಮರಗಳನ್ನು ದನ ಕಾದಂತೆ ಕಾಯುವವರು. ಎಲ್ಲರೂ ಗಂಡಸರು. ಹೆಂಗಸರು ಸಾವಿರಾರು ವರ್ಷಗಳ ಹಿಂದೆ ಕಾಣೆಯಾದರು. ಅಂದಿನಿಂದ ಒಂದು ಮಗುವೂ ಹುಟ್ಟಿಲ್ಲ. ಗುಂಪಿನ ಹಿರಿಯ ಟ್ರೀಬಿಯರ್ಡ್ ಇನ್ನೂ ಬಂದವರನ್ನೆಲ್ಲ ಕೇಳುತ್ತಾನೆ: ನಿಮ್ಮ ಕಡೆ ಅವರನ್ನು ಕಂಡಿರಾ?

ಹಾಲ್ ಕಂಡದ್ದು ಅವರಲ್ಲಿ ಒಬ್ಬಳನ್ನೇ ಎಂದು ಓದುಗರಲ್ಲಿ ಹಲವರಿಗೆ ಆಸೆ. ನನಗೂ ಇತ್ತು.

ಮೊದಲು ಪಾನಗೃಹದ ವಾದ. ಗಿರಣಿಯವನ ಮಗ ಟೆಡ್ ಸ್ಯಾಂಡಿಮನ್ ಹೇಳುತ್ತಾನೆ, ಹಾಲ್ ನೋಡಿದ್ದು ಬರೀ ಎಲ್ಮ್ ಮರವನ್ನೇ ಇರಬೇಕು ಅಂತ. ಸ್ಯಾಮ್ ಬಿಡುವುದಿಲ್ಲ, ಅದು ನಡೆಯುತ್ತಿತ್ತು, ಅಲ್ಲದೆ ಆ ಬಯಲಿನಲ್ಲಿ ಎಲ್ಮ್ ಮರವೇ ಇಲ್ಲ. ಹಾಗಾದರೆ ಅವನು ನೋಡಿರಲಾರ ಎಂದು ಟೆಡ್ ಮುಗಿಸುತ್ತಾನೆ. ಎಲ್ಲರೂ ನಗುತ್ತಾರೆ, ಚಪ್ಪಾಳೆ ತಟ್ಟುತ್ತಾರೆ. ಈ ಟೆಡ್ ನನಗೆ ಚೆನ್ನಾಗಿ ಗೊತ್ತು. ಮಲೆನಾಡಿನಲ್ಲಿ ಯಾರಾದರೂ ರಾತ್ರಿ ಹಾರುಬೆಕ್ಕು ಕಂಡೆ ಎಂದರೆ, ಪೇಟೆಯಿಂದ ಬಂದವರು ಬೆಕ್ಕು ಹಾರುವುದುಂಟೇ ಎಂದು ನಗುವುದನ್ನು ಕೇಳಿದ್ದೇನೆ. ಬೆಕ್ಕಲ್ಲ, ಅದು ಹಾರುವ ಅಳಿಲು, ಹಾರುವುದೂ ಅಲ್ಲ, ಮರದಿಂದ ಮರಕ್ಕೆ ತೇಲುವುದು. ಹೆಸರಿನಲ್ಲಿ ಎರಡು ತಪ್ಪು, ನೋಟದಲ್ಲಿ ಒಂದೂ ಇಲ್ಲ. ಹಾಲ್‌ನ ಎಲ್ಮ್ ಕೂಡ ಅಂಥದೇ ಎಂದುಕೊಂಡು ಅಳತೆಗೆ ಕೂತೆ.

ಮನುಷ್ಯ ಸಹಜವಾಗಿ ನಡೆಯುವಾಗ ಒಂದು ಹೆಜ್ಜೆ ಅವನ ಎತ್ತರದ ಐದರಲ್ಲಿ ಎರಡು ಪಾಲಿಗಿಂತ ತುಸು ಹೆಚ್ಚು. ಟ್ರೀಬಿಯರ್ಡ್‌ನ ಎತ್ತರ ಹದಿನಾಲ್ಕು ಅಡಿ ಎಂದು ಪುಸ್ತಕದಲ್ಲೇ ಇದೆ, ಆಕಾರವೂ ಮನುಷ್ಯನದೇ. ಹಾಗಾದರೆ ಅವನ ಹೆಜ್ಜೆ ಸುಮಾರು ಆರು ಅಡಿ. ಇದನ್ನು ತಾಳೆ ನೋಡಲು ಇನ್ನೊಂದು ಸುಳಿವಿದೆ. ಶೈರಿನ ಇಬ್ಬರು ಹುಡುಗರಾದ ಮೆರ್ರಿ ಮತ್ತು ಪಿಪ್ಪಿನ್‌ರನ್ನು ಎತ್ತಿಕೊಂಡು ಮನೆಗೆ ನಡೆದ ದಿನ ತಾನು ಎಪ್ಪತ್ತು ಸಾವಿರ ಹೆಜ್ಜೆ ಹಾಕಿದೆನೆಂದು ಅವನೇ ಹೇಳುತ್ತಾನೆ. (ಪಿಪ್ಪಿನ್ ಎಣಿಸಲು ಹೋಗಿ ಮೂರು ಸಾವಿರದ ಹತ್ತಿರ ಲೆಕ್ಕ ತಪ್ಪಿದ. ಬಾವಲಿ ಎಣಿಸಿದವರಿಗೆ ಈ ಹುಡುಗನ ಮೇಲೆ ಪ್ರೀತಿ ಬರುತ್ತದೆ.) ಆರು ಅಡಿಯಂತೆ ಎಪ್ಪತ್ತು ಸಾವಿರ ಹೆಜ್ಜೆಗೆ ಸುಮಾರು 128 ಕಿಲೋಮೀಟರ್. ಉದ್ದ ಕಾಲಿನವನಿಗೆ ಬೆಳಗಿನಿಂದ ಮುಸ್ಸಂಜೆಯೊಳಗೆ ಆಗದ ಮಾತಲ್ಲ. ಅದೇ ಹೆಜ್ಜೆಗೆ ಏಳು ಗಜ ಎಂದರೆ 448 ಕಿಲೋಮೀಟರ್. ಬೆಂಗಳೂರಿನಿಂದ ಹೊರಟವನು ಕತ್ತಲಾಗುವ ಮೊದಲು ಹುಬ್ಬಳ್ಳಿ ಧಾರವಾಡ ಎರಡನ್ನೂ ಹಿಂದೆ ಹಾಕಿರಬೇಕು. ಫ್ಯಾಂಗೋರ್ನ್ ಅಷ್ಟು ದೊಡ್ಡ ಕಾಡಲ್ಲ.

ಹಾಲ್ ಬೂಸಿ ಬಿಟ್ಟನೇ? ನಾನೂ ಒಂದು ಮಳೆಗಾಲ ಹಾಗೇ ತಿಳಿದಿದ್ದೆ. ಹಾಲ್‌ನಂಥ ಹಾಬಿಟ್‌ಗಳು, ಶೈರ್ ನಾಡಿನವರು, ಮೂರಡಿಯ ಜನ, ಅಷ್ಟು ಕೆಳಗಿನಿಂದ ನೋಡಿದರೆ ಎಲ್ಲವೂ ದೊಡ್ಡದು. ನಮ್ಮಲ್ಲಿ ಐದೂವರೆ ಅಡಿಯ ಜನ ಕಂಡ ಕಾಳಿಂಗವೇ ಮನೆಗೆ ಬರುವಷ್ಟರಲ್ಲಿ ನಾಲ್ಕಡಿ ಬೆಳೆದಿರುತ್ತದೆ. ಆಮೇಲೆ ಲೆಕ್ಕ ತಿರುವಿ ಹಾಕಿದೆ. ಏಳು ಗಜ ಅಂದರೆ ಇಪ್ಪತ್ತೊಂದು ಅಡಿ. ಅಷ್ಟು ಹೆಜ್ಜೆ ಹಾಕಬೇಕಾದರೆ ಎತ್ತರ ಎಷ್ಟಿರಬೇಕು? ಐವತ್ತು ಅಡಿ. ಅದು ಒಂದು ಸಾಧಾರಣ ಎಲ್ಮ್ ಮರದ ಎತ್ತರ! ಹುಟ್ಟಿಸಿ ಹೇಳುವವನು ಎತ್ತರವನ್ನೂ ಹೆಜ್ಜೆಯನ್ನೂ ಹೀಗೆ ಒಂದಕ್ಕೊಂದು ಹೊಂದಿಸಿ ಹೇಳುವುದು ಕಷ್ಟ. ಟೋಲ್ಕಿನ್ ಕೂತು ಭಾಗಿಸಿದರೆಂದು ನಾನು ನಂಬುವುದಿಲ್ಲ. ಆದರೂ ಟಿಪ್ಪಣಿಯಲ್ಲಿ ಹಾಲ್‌ನ ಹೆಸರಿನ ಮುಂದಿದ್ದ ‘ಅನುಮಾನ’ವನ್ನು ಅಂದೇ ಹೊಡೆದುಹಾಕಿದೆ.

ಸಾಕ್ಷಿ ಗಟ್ಟಿಯಾದಷ್ಟೂ ಆಸೆ ಸಡಿಲವಾಯಿತು, ತಮಾಷೆಯೇ ಅದು. ಎಂಟ್ ಹೆಂಗಸರು ಹೇಗಿದ್ದರೆಂದು ಟ್ರೀಬಿಯರ್ಡ್ ವಿವರಿಸಿದ್ದಾನೆ. ದುಡಿದು ಬೆನ್ನು ಬಾಗಿತ್ತು, ಮೈ ಕಂದಿತ್ತು, ಕೂದಲು ಬಿಸಿಲಿಗೆ ಒಣಗಿ ಮಾಗಿದ ತೆನೆಯ ಬಣ್ಣಕ್ಕೆ ತಿರುಗಿತ್ತು, ಕೆನ್ನೆ ಸೇಬಿನಂತೆ ಕೆಂಪು. ಇದು ನೇಗಿಲ ಸಾಲಿನ ಹಿಂದೆ ಬಗ್ಗಿ ನಡೆದವರ ಮೈಕಟ್ಟು, ಐವತ್ತು ಅಡಿಯ ನೆಟ್ಟನೆಯ ಮರದ್ದಲ್ಲ. ಆವಾಸವೂ ಕೂಡುವುದಿಲ್ಲ. ಗಂಡಸರಿಗೆ ಬೇಕಾದದ್ದು ಯಾರೂ ಕೈಹಾಕದ ದೊಡ್ಡ ಕಾಡು, ಹೆಂಗಸರಿಗೆ ಹೂಬಿಟ್ಟ ಹಣ್ಣಿನ ಗಿಡ, ಸೊಪ್ಪು, ಕಾಳು, ಹೇಳಿದಲ್ಲಿ ಬೆಳೆಯುವ ಪೈರು. ಮನುಷ್ಯರು ಬೇಸಾಯ ಕಲಿತದ್ದೇ ಅವರಿಂದ. ಅಂಥವಳು ಶೈರಿನಲ್ಲಿ ಇದ್ದರೆ ನಾನು ಹುಡುಕುವುದು ದಕ್ಷಿಣದ ಹೊಗೆಸೊಪ್ಪಿನ ಹೊಲದ ಬದಿಯಲ್ಲಿ, ಉತ್ತರದ ಪೊದೆಬಯಲಿನಲ್ಲಿ ಅಲ್ಲ.

ಹಾಗಾದರೆ ಗಂಡು ಎಂಟೇ? ಸಭೆ ಸೇರಿದಾಗ ಬಂದವರ ಪಟ್ಟಿ ಇದೆ: ಚೆಸ್ಟ್‌ನಟ್, ಆಶ್, ಫರ್, ಬರ್ಚ್, ರೋವನ್, ಲಿಂಡನ್ ಮರಗಳನ್ನು ಹೋಲುವವರು. ಎಲ್ಮ್ ಹೋಲುವವನು ಒಬ್ಬನೂ ಇಲ್ಲ. ಕಾಲ್ಬೆರಳು ಮೂರರಿಂದ ಒಂಬತ್ತು, ಟ್ರೀಬಿಯರ್ಡ್‌ಗೆ ಏಳು. ತೇವದ ನೆಲದಲ್ಲಿ ಇಂಥ ಹೆಜ್ಜೆಗುರುತು ಒಂದು ಸಿಕ್ಕಿದ್ದರೂ ಸಾಕಿತ್ತು. ಶೈರಿನ ಪೂರ್ವದ ಅಂಚಿನಲ್ಲಿ ಹಳೆಯ ಕಾಡೊಂದಿದೆ, ಅಲ್ಲಿನ ಮರಗಳು ಹಿಂದೊಮ್ಮೆ ಬೇಲಿಗೆ ನುಗ್ಗಿದ್ದವೆಂದೂ ಹಾಬಿಟ್‌ಗಳು ಬೆಂಕಿ ಹಾಕಿ ಓಡಿಸಿದರೆಂದೂ ಹೇಳುತ್ತಾರೆ. ಅಲ್ಲಿಂದ ತಪ್ಪಿಸಿಕೊಂಡು ಬಂದ ಅರೆ ಎಚ್ಚರದ ಮರ ಎನ್ನುವುದು ಈಗ ನನ್ನ ಊಹೆ. ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೇನೆ.

ಮರದಲ್ಲಿ ಗಂಡು ಹೆಣ್ಣು ಬೇರೆಯಾಗಿರುವುದು ನಮ್ಮವರಿಗೆ ಹೊಸದೇನಲ್ಲ. ಮುರುಗಲು ನೆಟ್ಟವರಿಗೆ ಗೊತ್ತು, ಜಾಯಿಕಾಯಿ ನೆಟ್ಟವರಿಗೆ ಇನ್ನೂ ಚೆನ್ನಾಗಿ ಗೊತ್ತು: ಬೀಜದ ಗಿಡಕ್ಕೆ ವರ್ಷಗಟ್ಟಲೆ ನೀರುಣಿಸಿ, ಕೊನೆಗೆ ಹೂ ಬಿಟ್ಟ ದಿನ ಅದು ಗಂಡು ಎಂದು ತಿಳಿದಾಗ ಆಗುವ ನಿರಾಸೆ. ಆದರೆ ಎಂಟ್‌ಗಳ ಸ್ಥಿತಿ ನಿಜವಾಗಿ ಬಂದಿರುವುದು ದಕ್ಷಿಣ ಆಫ್ರಿಕದ ಒಂದು ಸೈಕ್ಯಾಡ್‌ಗೆ. 1895ರಲ್ಲಿ ಒಂಗೋಯೆ ಕಾಡಿನಲ್ಲಿ ಜಾನ್ ಮೆಡ್ಲಿ ವುಡ್ ಅದನ್ನು ಕಂಡರು, ಒಂದೇ ಬುಡ, ಗಂಡು. ಇಂದು ಲೋಕದ ಸಸ್ಯೋದ್ಯಾನಗಳಲ್ಲಿರುವ ಎನ್ಸೆಫಲಾರ್ಟಸ್ ವುಡಿಯೈ ಎಲ್ಲವೂ ಅದರ ಮರಿಕಂದಿನಿಂದಲೇ ಬಂದವು, ಆದ್ದರಿಂದ ಎಲ್ಲವೂ ಗಂಡು. ಹೆಣ್ಣಿಗಾಗಿ ಆ ಕಾಡಿನ ಮೇಲೆ ಡ್ರೋನ್ ಹಾರಿಸಿಯೂ ಹುಡುಕಿದರು. ಸಿಕ್ಕಿಲ್ಲ. ಬ್ಲೂಮ್‌ಫೌಂಟೇನ್‌ನಲ್ಲಿ ಹುಟ್ಟಿದ ಟೋಲ್ಕಿನ್ ಮೂರು ವರ್ಷದ ಮಗುವಾಗಿ ದಕ್ಷಿಣ ಆಫ್ರಿಕ ಬಿಟ್ಟು ಇಂಗ್ಲೆಂಡಿಗೆ ಹೋದದ್ದೂ 1895ರಲ್ಲೇ. ಬರೀ ಕಾಕತಾಳೀಯ, ಆದರೂ ಬರೆದುಕೊಳ್ಳದೆ ಇರಲಾಗಲಿಲ್ಲ.

ಎಲ್ಮ್‌ನ ಕಥೆಯೂ ವಿಚಿತ್ರ. ನಮ್ಮ ತಪಸಿ ಮರದ ಕುಟುಂಬದ್ದು ಅದು. ಒಂದೇ ಹೂವಿನಲ್ಲಿ ಗಂಡೂ ಇದೆ ಹೆಣ್ಣೂ ಇದೆ, ಸಂಗಾತಿ ಕಾಣೆಯಾಗುವ ಪ್ರಶ್ನೆಯೇ ಇಲ್ಲ. ಆದರೂ ಇಂಗ್ಲೆಂಡಿನ ಬೇಲಿಸಾಲಿನ ಎಲ್ಮ್‌ನ ಬೀಜ ಮೊಳೆಯುವುದು ಇಲ್ಲವೆನ್ನುವಷ್ಟು ಅಪರೂಪ, ಬೇರಿನಿಂದ ಎದ್ದ ಮರಿಗಳಿಂದಲೇ ಅದರ ವಂಶ. ರೋಮನ್ನರ ಕಾಲದಲ್ಲಿ ಬಂದ ಒಂದೇ ಮರದ ಪಡಿಯಚ್ಚುಗಳು ಅವೆಲ್ಲ ಎಂದು 2004ರಲ್ಲಿ ವಂಶವಾಹಿ ಪರೀಕ್ಷೆಯಿಂದ ತಿಳಿಯಿತು. 1960ರ ದಶಕದ ಕೊನೆಯಲ್ಲಿ ತೊಗಟೆಹುಳು ಹೊತ್ತು ತಂದ ಶಿಲೀಂಧ್ರಕ್ಕೆ ಅವು ಕೋಟಿಗಟ್ಟಲೆ ಸತ್ತವು. ಆಗ ಟೋಲ್ಕಿನ್ ಇನ್ನೂ ಬದುಕಿದ್ದರು. ಮೊದಲ ಸಂಪುಟ ಬಂದ 1954ರಲ್ಲಿ ಎಲ್ಮ್‌ನಷ್ಟು ದೊಡ್ಡದು ಎಂದರೆ ಅಲ್ಲಿನ ಓದುಗ ಕಿಟಕಿಯಾಚೆ ನೋಡಿದರೆ ಸಾಕಿತ್ತು. ಈಗ ಅಲ್ಲಿಯವರಿಗೂ ಅದು ನನಗಿದ್ದಂತೆ ಪುಸ್ತಕದ ಮರ.

ಇನ್ನು, ಬರೆದವರನ್ನೇ ಕೇಳಬಹುದಲ್ಲ ಎನ್ನುವವರಿಗೆ. ಟೋಲ್ಕಿನ್ 1954ರ ಒಂದು ಪತ್ರದಲ್ಲಿ, ಹಳೆಯ ಯುದ್ಧವೊಂದರಲ್ಲಿ ತೋಟಗಳು ಸುಟ್ಟಾಗ ಆ ಹೆಂಗಸರೂ ನಾಶವಾದರೆಂದು ತಮಗೆ ತೋರುತ್ತದೆ, ಕೆಲವರು ಪೂರ್ವಕ್ಕೆ ಓಡಿರಬಹುದು ಎಂದಿದ್ದಾರೆ. ತೋರುತ್ತದೆ! ಸೃಷ್ಟಿಕರ್ತನ ಮಾತಲ್ಲ, ತಡವಾಗಿ ಬಂದ ಸರ್ವೇಯವನ ಮಾತು. ಕರಡು ಪ್ರತಿಗಳನ್ನು ಕೆದಕಿದರೆ ಇನ್ನೊಂದು ಪದರ ಕಾಣುತ್ತದೆ. ಪಾನಗೃಹದ ಮಾತು ಮೊದಲು ಬರೆದಾಗ ಅಲ್ಲಿದ್ದವನು ಗೋಪುರದಷ್ಟು, ಇಲ್ಲವೇ ಮರದಷ್ಟಾದರೂ ದೊಡ್ಡ ದೈತ್ಯ. ಎಂಟ್ ಹೆಂಗಸರ ಕಲ್ಪನೆ ಇನ್ನೂ ಮೂಡಿರಲಿಲ್ಲ. ಮಾದರಿ ಹಾಗೇ ಉಳಿದು ಚೀಟಿ ಮಾತ್ರ ಬದಲಾದದ್ದು ಸಂಗ್ರಹಾಲಯಗಳಲ್ಲೂ ಉಂಟು. ಆದರೆ ಚೀಟಿಯ ಮೇಲೆ ಎಲ್ಮ್ ಎಂದು ಬರೆದ ಮೇಲೂ, ಎಂಟ್‌ಗಳು ಹುಟ್ಟಿದ ಮೇಲೂ, ಅವರು ಆ ಸಾಲನ್ನು ತೆಗೆಯಲಿಲ್ಲ ಎನ್ನುವುದು ನನಗೆ ಮುಖ್ಯ.

ಕಾಣೆಯಾದದ್ದು ಸಿಗುವುದೇ ಇಲ್ಲವೆಂದಲ್ಲ. ಜೆರ್ಡನ್ ಕೋರ್ಸರ್ ಎಂಬ ಹಕ್ಕಿಯನ್ನು 1900ರ ನಂತರ ಕಂಡವರಿರಲಿಲ್ಲ. 1986ರ ಜನವರಿಯಲ್ಲಿ ಆಂಧ್ರದ ಕಡಪ ಜಿಲ್ಲೆಯ ಕುರುಚಲು ಕಾಡಿನಲ್ಲಿ ಮತ್ತೆ ಸಿಕ್ಕಿತು. ಸಿಕ್ಕಿದ್ದು ದುರ್ಬೀನಿನಿಂದಲ್ಲ, ಊರಿನವರನ್ನು ಕೇಳಿದ್ದರಿಂದ. ಹಕ್ಕಿ ರಾತ್ರಿ ಓಡಾಡುವುದು, ಅದನ್ನು ಬಲ್ಲವನು ಅಲ್ಲಿನ ಬೇಟೆಗಾರ. ಹಾಲ್‌ನಂಥವನು.

ಎಂಟ್‌ಗಳೂ ಊರೂರು ಕೇಳಿದ್ದರು. ಪಶ್ಚಿಮಕ್ಕೆ ಹೋದರು ಎಂದವರಿದ್ದರು, ಪೂರ್ವಕ್ಕೆ ಎಂದವರಿದ್ದರು, ದಕ್ಷಿಣಕ್ಕೆ ಎಂದವರೂ ಇದ್ದರು. ಕೊನೆಗೆ ಮೂರನೇ ಯುಗದ 3019ರ, ಅಂದರೆ ಶೈರ್ ಲೆಕ್ಕದ ಮರುವರ್ಷದ, ಆಗಸ್ಟ್ 22ರಂದು, ಯುದ್ಧವೆಲ್ಲ ಮುಗಿದು ಎಲ್ಲರೂ ಊರಿಗೆ ಹೊರಟಾಗ, ಐಸೆನ್‌ಗಾರ್ಡ್ ಕೋಟೆಯಲ್ಲಿ ಟ್ರೀಬಿಯರ್ಡ್ ಮೆರ್ರಿ ಪಿಪ್ಪಿನ್‌ರಿಗೆ ಮತ್ತೊಮ್ಮೆ ಹೇಳುತ್ತಾನೆ, ನಿಮ್ಮ ಸೀಮೆಯಲ್ಲಿ ಅವರ ಸುದ್ದಿ ಏನಾದರೂ ಕಿವಿಗೆ ಬಿದ್ದರೆ ತಿಳಿಸಿ. ಆ ಪ್ರಯಾಣಿಕರ ಗುಂಪಿನಲ್ಲಿ ಸ್ಯಾಮ್ ಗಮ್ಜೀಯೂ ಇದ್ದಾನೆ. ಮಧ್ಯಭೂಮಿ ಎಂಬ ಆ ಲೋಕದಲ್ಲಿ ಆ ಒಂದೇ ದಾಖಲೆಯನ್ನು ತಲೆಯಲ್ಲಿಟ್ಟುಕೊಂಡು, ಅದಕ್ಕಾಗಿ ಜಗಳವಾಡಿ, ನಗೆಗೀಡಾದವನು. ಅವನು ಬಾಯಿ ತೆರೆದದ್ದು ಪುಟದಲ್ಲಿಲ್ಲ. ಹೊತ್ತು ಹೋಗಿತ್ತು, ದಾರಿ ಉದ್ದವಿತ್ತು, ಗ್ರೀನ್ ಡ್ರ್ಯಾಗನ್‌ನ ಆ ಸಂಜೆ ಅವನ ಪಾಲಿಗೆ ಇನ್ಯಾವುದೋ ಜನ್ಮದ್ದಾಗಿತ್ತು. ಟ್ರೀಬಿಯರ್ಡ್ ಎಲ್ಲರಿಗೂ ಕೈ ಬೀಸಿ ಮರಗಳ ನಡುವೆ ಹೊರಟುಹೋಗುತ್ತಾನೆ. ಅದು ಯಾವ ತಿಂಗಳು, ಮೈಮೇಲೆ ಎಲೆ ಇತ್ತೇ, ಯಾವ ದಿಕ್ಕಿಗೆ ನಡೆಯುತ್ತಿತ್ತು ಎಂದು ಹಾಲ್‌ನನ್ನು ಯಾರೂ ಕೇಳಲಿಲ್ಲ.